ಹಳೆಯ ಯಂತ್ರಕ್ಕೆ ಹೊಸ ಮಿದುಳು

ಬೆಂಗಳೂರಿನ ಪೀಠೋಪಕರಣದ ಕಾರ್ಖಾನೆಯೊಂದು ಎರಡು ವರ್ಷಗಳ ಹಿಂದೆ ತನ್ನ ಹಳೆಯ ಯಂತ್ರಗಳನ್ನು ಮಾರಿತು. ಅವುಗಳಲ್ಲೊಂದು ಗುಜರಿ ಕಬ್ಬಿಣದ ದರದಲ್ಲಿ ತೂಗಿಸಿಕೊಂಡು, ಲಾರಿಯೇರಿ, ಮಳಖೇಡದಲ್ಲಿರುವ ನಮ್ಮ ಮನೆಯ ಹಿಂದಣ ತಗಡಿನ ಚಪ್ಪರಕ್ಕೆ ಬಂದಿಳಿಯಿತು. ಒಂದು ಟನ್ನಿಗೂ ಮಿಗಿಲಾದ ಎರಕದ ಕಬ್ಬಿಣ, ಒಂದೂವರೆ ಮೀಟರು ಉದ್ದದ ಉಕ್ಕಿನ ತಿರುಪು, ಕನ್ನಡಿಯಂತೆ ಹೊಳೆಯುವ ಹಳಿಗಳು ಎಲ್ಲವೂ ಸುಸ್ಥಿತಿಯಲ್ಲಿದ್ದವು. ಹಾಗಿದ್ದರೆ ಮಾರಿದ್ದೇಕೆ ಎಂದು ಕೇಳಿದುದಕ್ಕೆ ಅಲ್ಲಿಯ ಮೇಸ್ತ್ರಿ ಕೊಟ್ಟ ಉತ್ತರ ಒಂದೇ ಮಾತಿನದು: “ಅದಕ್ಕೆ ನೆನಪು ಹೋಗಿದೆ.”

ಇದು ಅಲಂಕಾರದ ಮಾತಲ್ಲ. ಇಂತಹ ಹಳೆಯ ಯಂತ್ರಗಳ ನಿಯಂತ್ರಕದಲ್ಲಿ ತಿರುಪಿನ ಅಳತೆ, ಮೋಟಾರಿನ ವೇಗದ ಮಿತಿ, ಮೇಜಿನ ಉದ್ದಗಲ ಮುಂತಾದ ಸಂಖ್ಯೆಗಳೆಲ್ಲವೂ ಒಂದು ಸಣ್ಣ ಬ್ಯಾಟರಿಯ ಆಸರೆಯಿಂದ ಉಳಿದಿರುತ್ತವೆ. ಬ್ಯಾಟರಿ ಸತ್ತರೆ ಸಂಖ್ಯೆಗಳೂ ಅಳಿಯುತ್ತವೆ. ಅವನ್ನು ಬರೆದಿಟ್ಟ ಪುಸ್ತಕ ಕಳೆದುಹೋಗಿದ್ದು, ನಿಯಂತ್ರಕವನ್ನು ತಯಾರಿಸಿದವರೂ ಅದನ್ನು ಕೈಬಿಟ್ಟಿದ್ದರೆ, ಲಕ್ಷಾಂತರ ರೂಪಾಯಿಯ ಯಂತ್ರ ಕೈಕಾಲು ಗಟ್ಟಿಯಿದ್ದೂ ನಿಶ್ಚೇಷ್ಟಿತವಾಗಿ ಬೀಳುತ್ತದೆ. ಹೀಗೆ ಬಿದ್ದ ಯಂತ್ರವನ್ನು ಮನೆಯ ಕಾರ್ಯಾಗಾರದಲ್ಲಿ ಎಬ್ಬಿಸಿ ನಿಲ್ಲಿಸಲು ಸಾಧ್ಯವೆ? ನಾವೂ ನಮ್ಮಿಬ್ಬರು ಗೆಳೆಯರೂ ಒಂದು ವರ್ಷ ಇದರಲ್ಲಿ ತೊಡಗಿದ್ದೆವು. ಪದವಿ ತರಗತಿಯಲ್ಲಿ ಓದುವ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಕಾಗಲಿಲ್ಲ. ಆದರೆ ಆ ಭೌತಶಾಸ್ತ್ರವನ್ನು ಮರೆತಾಗಲೆಲ್ಲ ದಂಡ ತೆರಬೇಕಾಯಿತು.

ಯಂತ್ರದ ಪರಿಚಯವನ್ನು ಮೊದಲು ಮಾಡಿಕೊಳ್ಳೋಣ. ಇದರ ಹೆಸರು ಸಿ.ಎನ್.ಸಿ. ರೌಟರ್. ಅಗಲವಾದ ಮೇಜಿನ ಮೇಲೆ ಒಂದು ಸೇತುವೆ ಹಿಂದುಮುಂದಾಗಿ ಚಲಿಸುತ್ತದೆ. ಸೇತುವೆಯ ಮೇಲೆ ಒಂದು ತಲೆ ಎಡಬಲಕ್ಕೂ ಮೇಲೆಕೆಳಕ್ಕೂ ಸರಿಯುತ್ತದೆ. ತಲೆಯಲ್ಲಿ ನಿಮಿಷಕ್ಕೆ 24,000 ಸುತ್ತು ತಿರುಗುವ ಅಲಗು. ಗಣಿತದ ಎಕ್ಸ್, ವೈ, ಜ಼ೆಡ್ ಅಕ್ಷಗಳೇ ಇಲ್ಲಿ ಕಬ್ಬಿಣದ ರೂಪ ತಾಳಿವೆ. ಅಲಗು ಎಲ್ಲಿಗೆ ಹೋಗಬೇಕೆಂಬುದನ್ನು ‘ಜಿ1 ಎಕ್ಸ್100 ವೈ50 ಎಫ್1500’ ಎಂಬಂತಹ ಸಾಲುಗಳಲ್ಲಿ ಬರೆದುಕೊಡುತ್ತೇವೆ: ಮಿನಿಟಿಗೆ 1500 ಮಿಲಿಮೀಟರು ವೇಗದಲ್ಲಿ, ನೇರ ರೇಖೆಯಲ್ಲಿ, ಆ ಬಿಂದುವಿಗೆ ಹೋಗು ಎಂದು ಅದರ ಅರ್ಥ.

ಯಂತ್ರವನ್ನು ಸಂಖ್ಯೆಗಳಿಂದ ನಡೆಸುವ ಈ ಕಲ್ಪನೆ ಹೆಲಿಕಾಪ್ಟರಿನ ರೆಕ್ಕೆಯಿಂದ ಹುಟ್ಟಿತು. ಆ ರೆಕ್ಕೆಯ ವಕ್ರರೇಖೆಯನ್ನು ನಿಖರವಾಗಿ ಕೊರೆಯಲು ಅಮೆರಿಕದ ಜಾನ್ ಪಾರ್ಸನ್ಸ್ ಎಂಬಾತನು ಬಿಂದುಗಳ ಪಟ್ಟಿಯನ್ನೇ ಆಶ್ರಯಿಸಿದನು. ಅದು ಬೆಳೆದು, 1952ರಲ್ಲಿ ಮೆಸಾಚೂಸೆಟ್ಸ್ ತಾಂತ್ರಿಕ ಸಂಸ್ಥೆಯವರು ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ನಡೆಯುವ ಯಂತ್ರವನ್ನು ಪ್ರದರ್ಶಿಸಿದರು. ಮರುವರ್ಷವೇ, 1953ರಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು; 1962ರಲ್ಲಿ ಅದೇ ಊರಿನಲ್ಲಿ ಯಂತ್ರೋಪಕರಣಗಳ ಕೇಂದ್ರೀಯ ಸಂಶೋಧನ ಸಂಸ್ಥೆ ಬಂದಿತು. ಯಂತ್ರ ಮಾಡುವ ಯಂತ್ರಗಳ ಊರೆಂದು ಬೆಂಗಳೂರು ಹೆಸರು ಪಡೆದದ್ದು ಹೀಗೆ. ನಮ್ಮಂಥವರಿಗೆ ಹಳೆಯ ಯಂತ್ರ ಅಲ್ಲಿಯೇ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಯಾವುದನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕು? ಕಬ್ಬಿಣಕ್ಕೂ ವಿದ್ಯುನ್ಮಾನ ಭಾಗಗಳಿಗೂ ಮುಪ್ಪು ಬರುವ ಗತಿ ಬೇರೆ ಬೇರೆ. ಎಣ್ಣೆ ಕಂಡ ಹಳಿ ಹಲವು ದಶಕ ಬಾಳುತ್ತದೆ. ಧಾರಕಗಳೊಳಗಿನ ವಿದ್ಯುದ್ವಿಭಾಜ್ಯ ದ್ರವವಾದರೋ ವರ್ಷ ಕಳೆದಂತೆ ಒಣಗುತ್ತದೆ, ಬಿಸಿಲೂರಿನಲ್ಲಿ ಇನ್ನಷ್ಟು ಬೇಗ. ಆದುದರಿಂದ ಚೌಕಟ್ಟು, ಹಳಿ, ತಿರುಪುಗಳನ್ನು ಉಳಿಸಿಕೊಂಡು ಮೋಟಾರು, ತಂತಿ, ನಿಯಂತ್ರಕಗಳನ್ನು ಕಳಚಿಹಾಕಿದೆವು. ಕಳಚುವವರಿಗೆ ಒಂದು ಎಚ್ಚರಿಕೆ. ಮೂರು ಹಂತದ 415 ವೋಲ್ಟನ್ನು ಏಕಮುಖಗೊಳಿಸಿದಾಗ ಧಾರಕಗಳು ಅದರ ಶಿಖರಮೌಲ್ಯದವರೆಗೆ, ಎಂದರೆ ಸುಮಾರು 587 ವೋಲ್ಟಿನವರೆಗೆ, ತುಂಬಿಕೊಳ್ಳುತ್ತವೆ. ಸ್ವಿಚ್ಚು ಆರಿಸಿದ ಮೇಲೂ ಕೆಲವು ನಿಮಿಷ ಆ ವಿದ್ಯುದಂಶ ಅಲ್ಲಿಯೇ ಕಾದಿರುತ್ತದೆ. ಮಾಪಕದಿಂದ ಅಳೆದು ನೋಡದೆ ಬೆರಳಿಡಬಾರದು.

ಇನ್ನು ಹೊಸ ಮೋಟಾರು ಎಷ್ಟು ಬಲದ್ದಾಗಿರಬೇಕು? ಸೇತುವೆಯ ದ್ರವ್ಯರಾಶಿ 180 ಕಿಲೋಗ್ರಾಂ. ಇಂತಹ ಭಾರವನ್ನು ನೂಕಬೇಕಾದ ಮೋಟಾರು ಭಾರಿಯೇ ಇರಬೇಕೆಂದು ಯಾರಿಗಾದರೂ ತೋರುತ್ತದೆ. ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ ಸೆಕೆಂಡಿಗೆ 1 ಮೀಟರು ವೇಗೋತ್ಕರ್ಷ ಬೇಕಾದರೆ, ನ್ಯೂಟನ್ನನ ಎರಡನೆಯ ನಿಯಮದಂತೆ, 180 ನ್ಯೂಟನ್ ಬಲ ಬೇಕು. ತಿರುಪು ಒಂದು ಸುತ್ತಿಗೆ 10 ಮಿಲಿಮೀಟರು ಮುಂದೊಯ್ಯುತ್ತದೆ. ಅದರ ಹಲ್ಲಿನ ಸಂದಿಯಲ್ಲಿ ಉಕ್ಕಿನ ಗುಂಡುಗಳು ಉರುಳುವುದರಿಂದ ಘರ್ಷಣೆ ಅತ್ಯಲ್ಪ, ದಕ್ಷತೆ ಸುಮಾರು ನೂರಕ್ಕೆ 90. ಒಂದು ಸುತ್ತಿನಲ್ಲಿ ಮಾಡಿದ ಕೆಲಸವನ್ನು ಎರಡೂ ಕಡೆ ಸಮೀಕರಿಸಿದರೆ ಮೋಟಾರು ಒದಗಿಸಬೇಕಾದ ಟಾರ್ಕ್ 0.32 ನ್ಯೂಟನ್-ಮೀಟರು ಎಂದು ಬರುತ್ತದೆ. ಇದು ಅಲ್ಪವೇ ಸರಿ.

ಆದರೆ ಮೋಟಾರು ಸೇತುವೆಯನ್ನು ಮಾತ್ರ ನೂಕುವುದಿಲ್ಲ, ತಿರುಪನ್ನೂ ತಿರುಗಿಸಬೇಕು. 32 ಮಿಲಿಮೀಟರು ವ್ಯಾಸದ, ಒಂದೂವರೆ ಮೀಟರಿನ ಉಕ್ಕಿನ ದಂಡದ ತೂಕ ಒಂಬತ್ತೂವರೆ ಕಿಲೋಗ್ರಾಂ. ಅದರ ಜಡತ್ವ ಮಹತ್ವ 0.0012 ಕಿಲೋಗ್ರಾಂ-ಚದರಮೀಟರು. ಸೇತುವೆಗೆ 1 ಮೀಟರಿನ ವೇಗೋತ್ಕರ್ಷ ದೊರೆಯಬೇಕಾದರೆ ದಂಡಕ್ಕೆ ಸೆಕೆಂಡಿಗೆ ಸೆಕೆಂಡಿಗೆ 628 ರೇಡಿಯನ್ ಕೋನೀಯ ವೇಗೋತ್ಕರ್ಷ ಬೇಕು. ಎರಡನ್ನೂ ಗುಣಿಸಿದರೆ 0.76 ನ್ಯೂಟನ್-ಮೀಟರು! ಎಂದರೆ 180 ಕಿಲೋಗ್ರಾಂ ಸೇತುವೆಯನ್ನು ನೂಕುವುದಕ್ಕಿಂತ ಹತ್ತು ಕಿಲೋಗ್ರಾಮೂ ಇಲ್ಲದ ದಂಡವನ್ನು ತಿರುಗಿಸುವುದು ಎರಡು ಪಟ್ಟಿಗೂ ಮಿಗಿಲಾದ ಶ್ರಮ. ನಾವು ಈ ಉತ್ತರವನ್ನು ನಂಬದೆ ಮೂರು ಸಲ ಲೆಕ್ಕ ಮಾಡಿದೆವು. ಕೊನೆಗೆ ತರಗತಿಯಲ್ಲಿ ವಿದ್ಯಾರ್ಥಿಗಳಿಗೂ ಕೊಟ್ಟು ನೋಡಿದೆವು. ಅವರಿಗೂ ಅದೇ ಬಂದಿತು. ದಂಡದ ಜಡತ್ವ ಮಹತ್ವ ವ್ಯಾಸದ ನಾಲ್ಕನೆಯ ಘಾತದಂತೆ ಏರುವುದರಿಂದ, ‘ಇನ್ನಷ್ಟು ದಪ್ಪದ ತಿರುಪು ಹಾಕಿಬಿಡೋಣ’ ಎಂಬ ಆಸೆ ಎಷ್ಟು ದುಬಾರಿಯೆಂಬುದು ಇಲ್ಲಿ ತಿಳಿಯುತ್ತದೆ.

ಟಾರ್ಕ್ ಸಾಕೆಂದು ತಿಳಿದು, ಹಣ ಉಳಿಸುವ ಸಲುವಾಗಿ, ಮೊದಲು ಸ್ಟೆಪ್ಪರ್ ಮೋಟಾರುಗಳನ್ನು ಜೋಡಿಸಿದೆವು. ಇವು ಒಂದು ಸುತ್ತನ್ನು 200 ಹೆಜ್ಜೆಗಳಾಗಿ ಹಂಚಿಕೊಂಡು, ಗಣಕವು ಕಳಿಸುವ ಪ್ರತಿಯೊಂದು ಮಿಡಿತಕ್ಕೂ ನಿಯತವಾದ ಕೋನದಷ್ಟು ತಿರುಗುತ್ತವೆ. ತಾನು ಎಷ್ಟು ಮಿಡಿತ ಕಳಿಸಿದೆನೆಂದು ಗಣಕ ಎಣಿಸುತ್ತದೆ, ಅಷ್ಟೆ. ಮೋಟಾರು ನಿಜಕ್ಕೂ ತಿರುಗಿತೋ ಇಲ್ಲವೋ ಎಂದು ವಿಚಾರಿಸುವುದಿಲ್ಲ. ಮರದ ಹಲಗೆಯ ಮೇಲೆ ಕೊರೆದ ಮೊದಲ ಸಾಲಿನಲ್ಲಿ ನಾಲ್ಕು ಅಕ್ಷರಗಳು ಸುಂದರವಾಗಿ ಮೂಡಿ, ಐದನೆಯದು ಪಕ್ಕದ ಅಕ್ಷರದ ಹೆಗಲೇರಿತು. ಗಣಕದ ಪ್ರಕಾರ ಎಲ್ಲವೂ ಸರಿಯಾಗಿತ್ತು.

ಕಾರಣವನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಸುರುಳಿಯಲ್ಲಿ ವಿದ್ಯುತ್ ಪ್ರವಾಹ ತಟಕ್ಕನೆ ಏರದು. ಏರುವ ಕಾಲವನ್ನು ಪ್ರೇರಕತ್ವ ಮತ್ತು ರೋಧಗಳ ನಿಷ್ಪತ್ತಿ ನಿರ್ಧರಿಸುತ್ತದೆ. 4 ಮಿಲಿಹೆನ್ರಿ ಪ್ರೇರಕತ್ವ, 1 ಓಮ್ ರೋಧವಿದ್ದರೆ ಅದು 4 ಮಿಲಿಸೆಕೆಂಡು. ಮಿನಿಟಿಗೆ 1000 ಸುತ್ತಿನ ವೇಗದಲ್ಲಿಯಾದರೋ ಒಂದೊಂದು ಹೆಜ್ಜೆಗೆ ದೊರೆಯುವ ಅವಕಾಶ 0.3 ಮಿಲಿಸೆಕೆಂಡು ಮಾತ್ರ. ಚಾಲಕದ ವೋಲ್ಟೇಜನ್ನು ಹೆಚ್ಚಿಸಿ ಇದನ್ನು ಸ್ವಲ್ಪಮಟ್ಟಿಗೆ ಎದುರಿಸಬಹುದಾದರೂ, ವೇಗ ಹೆಚ್ಚಿದಂತೆ ಪ್ರವಾಹ ಕುಗ್ಗುತ್ತದೆ, ಟಾರ್ಕ್ ಕುಸಿಯುತ್ತದೆ. ಮರದ ಗಂಟೊಂದು ಅಡ್ಡ ಬಂದರೆ ಹೆಜ್ಜೆ ತಪ್ಪುತ್ತದೆ. ಒಮ್ಮೆ ತಪ್ಪಿದ ಎಣಿಕೆ ಕೊನೆಯವರೆಗೂ ತಪ್ಪೇ.

ಆಮೇಲೆ 750 ವಾಟಿನ ಸರ್ವೋ ಮೋಟಾರುಗಳನ್ನು ಕೊಂಡೆವು. ಇವುಗಳ ಬೆನ್ನಿನಲ್ಲಿ ಒಂದು ಸಣ್ಣ ತಟ್ಟೆಯುಂಟು. ಅದರ ಗೆರೆಗಳ ನಡುವೆ ಬೆಳಕು ಹಾಯುವುದನ್ನು ಎಣಿಸಿ, ಒಂದು ಸುತ್ತನ್ನು 10,000 ಭಾಗಗಳಾಗಿ ಅಳೆಯಲಾಗುತ್ತದೆ. ನಮ್ಮ ತಿರುಪಿನಲ್ಲಿ ಒಂದು ಭಾಗವೆಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದಂಶ. ನಿಯಂತ್ರಕ್ಕೆ ಲಿನಕ್ಸ್‌ಸಿ.ಎನ್.ಸಿ. ಎಂಬ ಮುಕ್ತ ತಂತ್ರಾಂಶವನ್ನು ಬಳಸಿದೆವು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ 1990ರ ದಶಕದಲ್ಲಿ ರೂಪುಗೊಂಡ ಕ್ರಮವಿಧಿಯೊಂದು ಅದರ ಮೂಲ. ಈಗ ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದು. ಅದು ಸೆಕೆಂಡಿಗೆ ಸಾವಿರ ಸಲ ‘ಎಲ್ಲಿರಬೇಕು, ಎಲ್ಲಿದ್ದೀಯೆ?’ ಎಂದು ಕೇಳಿ, ವ್ಯತ್ಯಾಸ ಮಿತಿಮೀರಿದರೆ ಯಂತ್ರವನ್ನು ನಿಲ್ಲಿಸಿಬಿಡುತ್ತದೆ. ಮುಖ್ಯವಾಗಿ, ಯಂತ್ರದ ಎಲ್ಲ ಸಂಖ್ಯೆಗಳೂ ಒಂದು ಸಾಮಾನ್ಯ ಕಡತದಲ್ಲಿವೆ. ನಾವು ಅದನ್ನು ಮೂರು ಕಡೆ ನಕಲು ಮಾಡಿ, ಕಾಗದದ ಮೇಲೂ ಮುದ್ರಿಸಿ, ಕಪಾಟಿನಲ್ಲಿ ಇಟ್ಟಿದ್ದೇವೆ.

ಅಲಗಿನ ಮೋಟಾರಿನದು ಬೇರೆಯೇ ಕಥೆ. 24,000 ಸುತ್ತಿಗೆ 400 ಹರ್ಟ್ಸಿನ ಮೂರು ಹಂತದ ವಿದ್ಯುತ್ತು ಬೇಕು; ಮನೆಗೆ ಬರುವುದು 50 ಹರ್ಟ್ಸಿನ ಒಂದೇ ಹಂತ. ಆವರ್ತಾಂಕವನ್ನು ಬದಲಿಸುವ ಪೆಟ್ಟಿಗೆ ಈ ಕೆಲಸವನ್ನೇನೋ ಮಾಡಿತು. ಆದರೆ ಅಲಗು ತಿರುಗತೊಡಗಿದ ಕ್ಷಣವೇ ‘ಸೇತುವೆ ಅಂಚಿಗೆ ತಾಗಿದೆ’ ಎಂದು ಗಣಕ ಕೂಗಿ ಎಲ್ಲವನ್ನೂ ನಿಲ್ಲಿಸುತ್ತಿತ್ತು. ಸೇತುವೆಯಾದರೋ ಮೇಜಿನ ನಡುಮಧ್ಯದಲ್ಲಿತ್ತು! ಪೆಟ್ಟಿಗೆಯೊಳಗಿನ ಸ್ವಿಚ್ಚುಗಳು ಐನೂರು ವೋಲ್ಟನ್ನು ಅರ್ಧ ಮೈಕ್ರೊಸೆಕೆಂಡಿನಲ್ಲಿ ಏರಿಳಿಸುತ್ತವೆ ಎಂದಿಟ್ಟುಕೊಳ್ಳಿ. ಪಕ್ಕದಲ್ಲಿ ಹಾಯ್ದ ತಂತಿಗೂ ಅದಕ್ಕೂ ನಡುವೆ ಕೇವಲ 100 ಪಿಕೊಫ್ಯಾರಡ್ ಧಾರಣಶಕ್ತಿ ಇದ್ದರೂ ಸಾಕು, ಆ ಕ್ಷಣಕ್ಕೆ 0.1 ಆಂಪೇರ್ ಪ್ರವಾಹ ನುಸುಳುತ್ತದೆ. 5 ವೋಲ್ಟಿನ ಸಂಕೇತ ಅದರ ಮುಂದೆ ನಿಲ್ಲಲಾರದು. ಎರಡು ಬಗೆಯ ತಂತಿಗಳನ್ನು ದೂರವಿಟ್ಟು, ಭೂಸಂಪರ್ಕ ಪಡೆದ ಲೋಹದ ಕವಚ ತೊಡಿಸಿ, ಸಂಕೇತವನ್ನು 24 ವೋಲ್ಟಿಗೆ ಏರಿಸಿದ ಮೇಲೆ ಈ ಭೂತ ತೊಲಗಿತು.

ಇದಕ್ಕಿಂತ ಗಂಭೀರವಾದ ತಪ್ಪೊಂದನ್ನು ಹೇಳದೆ ಇರಲಾಗದು. ತುರ್ತುನಿಲುಗಡೆಯ ಕೆಂಪು ಗುಂಡಿಯನ್ನು ನಾವು ಮೊದಲಿಗೆ ಗಣಕಕ್ಕೆ ಮಾತ್ರ ಜೋಡಿಸಿದ್ದೆವು: ಗುಂಡಿ ಒತ್ತಿದರೆ ಗಣಕಕ್ಕೆ ಸುದ್ದಿ, ಗಣಕದಿಂದ ಮೋಟಾರಿಗೆ ಅಪ್ಪಣೆ. ಒಂದು ಸಂಜೆ, ವಿದ್ಯುತ್ತು ಕುಗ್ಗಿ ಚೇತರಿಸಿಕೊಂಡ ಹೊತ್ತಿನಲ್ಲಿ, ಗಣಕ ಸ್ತಬ್ಧವಾಯಿತು. ಕೊನೆಯ ಅಪ್ಪಣೆ ಮೋಟಾರಿನಲ್ಲಿ ಉಳಿಯಿತು. ಗೆಳೆಯರೊಬ್ಬರು ಮೇಜಿನ ತುದಿಯಲ್ಲಿ ಹಲಗೆಯನ್ನು ಸರಿಪಡಿಸುತ್ತಿದ್ದರು. ಗುಂಡಿಯನ್ನು ಒತ್ತಿದೆವು, ಮತ್ತೆ ಒತ್ತಿದೆವು. ಸೇತುವೆ ತನ್ನ ಪಾಡಿಗೆ ಸಾಗಿ ಅಂಚಿಗೆ ಅಪ್ಪಳಿಸಿತು. ಅವರು ಕೈಯನ್ನು ಹಿಂದಕ್ಕೆ ಸೆಳೆದುಕೊಂಡದ್ದು ಕಣ್ಣೆವೆಯಿಕ್ಕುವ ಮುನ್ನ.

ಆ ರಾತ್ರಿ ನಿದ್ದೆ ಬಾರದೆ ಲೆಕ್ಕ ಮಾಡಿದೆವು. ಮಿನಿಟಿಗೆ 10 ಮೀಟರು ವೇಗದಲ್ಲಿ ಸೇತುವೆಯ ಚಲನಶಕ್ತಿ ಕೇವಲ 2.5 ಜೂಲ್, ಒಂದು ಕಿಲೋಗ್ರಾಂ ಇಟ್ಟಿಗೆ ಗೇಣೆತ್ತರದಿಂದ ಬಿದ್ದಷ್ಟು. ಅಪಾಯವಿದ್ದುದು ಅಲ್ಲಲ್ಲ. ಮೋಟಾರು 2.4 ನ್ಯೂಟನ್-ಮೀಟರಿನಿಂದ ತಿರುಪನ್ನು ತಿರುಗಿಸುತ್ತಲೇ ಇದ್ದರೆ ಸೇತುವೆಯನ್ನು ಒತ್ತುವ ಬಲ ಸುಮಾರು 1350 ನ್ಯೂಟನ್, ಎಂದರೆ 138 ಕಿಲೋಗ್ರಾಮಿನ ಭಾರ. ಕ್ಷಣಕಾಲ ಅದರ ಮೂರರಷ್ಟು. ಮರುದಿನವೇ ಗುಂಡಿಯನ್ನು ಮೋಟಾರುಗಳ ವಿದ್ಯುನ್ಮಾರ್ಗದ ಸಂಪರ್ಕಕದಲ್ಲಿ ನೇರವಾಗಿ ಜೋಡಿಸಿದೆವು. ಈಗ ಗುಂಡಿ ಒತ್ತಿದರೆ ತಾಮ್ರದಿಂದ ತಾಮ್ರ ಬೇರ್ಪಡುತ್ತದೆ. ಗಣಕಕ್ಕೆ ಆಮೇಲೆ ತಿಳಿದರೆ ಸಾಕು. ಅಂಚಿನ ಸ್ವಿಚ್ಚುಗಳನ್ನೂ ಸದಾ ಮುಚ್ಚಿರುವ ಬಗೆಯವನ್ನೇ ಹಾಕಿದೆವು. ತಂತಿ ಕಡಿದರೂ ಯಂತ್ರ ನಿಲ್ಲುತ್ತದೆ. ಇದು ಅತಿಯಾದ ಎಚ್ಚರಿಕೆಯೆಂದು ನಕ್ಕವರಿದ್ದರು. ಮಳೆಗಾಲದಲ್ಲಿ ಇಲಿಯೊಂದು ಆ ತಂತಿಯನ್ನೇ ಕಡಿಯಿತು. ಯಂತ್ರ ಸುಮ್ಮನೆ ನಿಂತಿತು. ಅಲಗಿನ ತಲೆಗೂ ಇದೇ ನ್ಯಾಯ. ವಿದ್ಯುತ್ತು ಹೋದರೆ, ಘರ್ಷಣೆಯಿಲ್ಲದ ತಿರುಪಿನ ಮೇಲೆ ಅದು ತನ್ನ ತೂಕದಿಂದಲೇ ಕೆಳಗಿಳಿಯಬಲ್ಲದು. ಹಳೆಯ ಯಂತ್ರದಲ್ಲಿದ್ದ ಬಿರಿ ವಿದ್ಯುತ್ತಿನಿಂದ ಬಿಡುವುದು, ಸ್ಪ್ರಿಂಗಿನಿಂದ ಹಿಡಿಯುವುದು. ಅದನ್ನು ರೂಪಿಸಿದವರಿಗೆ ಮನಸ್ಸಿನಲ್ಲೇ ವಂದಿಸಿ ಉಳಿಸಿಕೊಂಡೆವು.

ಲಾರಿಯ ಪ್ರಯಾಣದಲ್ಲಿ ಸೇತುವೆ ಸೊಟ್ಟಗಾಗಿತ್ತು. ಇದನ್ನು ಕಂಡುಹಿಡಿಯಲು ಫರಸಿ ಹಾಸುವ ಗಾರೆಯವರ ದಾರದ ಉಪಾಯವೇ ಸಾಕಾಯಿತು. 1200ಕ್ಕೆ 900 ಮಿಲಿಮೀಟರಿನ ಆಯತದ ನಾಲ್ಕು ಮೂಲೆಗಳಲ್ಲಿ ರಂಧ್ರ ಕೊರೆದು ಎರಡು ಕರ್ಣಗಳನ್ನು ಅಳೆದೆವು. ಎರಡೂ 1500 ಇರಬೇಕು. ನಮ್ಮಲ್ಲಿ ಒಂದು ಮಿಲಿಮೀಟರಿನ ವ್ಯತ್ಯಾಸ ಬಂದಿತು. ಎಂದರೆ 900 ಮಿಲಿಮೀಟರಿನ ಅಂಚಿನಲ್ಲಿ 0.63ರ ಓರೆ. ಬೋಲ್ಟು ಸಡಿಲಿಸಿ, ತಳ್ಳಿ, ಬಿಗಿದು, ಮತ್ತೆ ಅಳೆಯುವುದರಲ್ಲಿ ಎರಡು ಭಾನುವಾರಗಳು ಕಳೆದವು. ಇಷ್ಟಾದರೂ ನಮ್ಮ ಸೀಮೆಯ ಬಿಸಿಲಿಗೆ ಏನು ಮಾಡುವುದು? ಜನವರಿಯ ಬೆಳಗಿನ 15 ಡಿಗ್ರಿಯಿಂದ ಮೇ ತಿಂಗಳ 42 ಡಿಗ್ರಿಗೆ ಏರಿದಾಗ ಒಂದೂವರೆ ಮೀಟರಿನ ಉಕ್ಕು ಸುಮಾರು ಅರ್ಧ ಮಿಲಿಮೀಟರು ಹಿಗ್ಗುತ್ತದೆ. ಸಾವಿರದಲ್ಲೊಂದಂಶವನ್ನು ಎಣಿಸುವ ತಟ್ಟೆಗೆ ಇದು ಕಾಣುವುದೇ ಇಲ್ಲ; ಅದು ಎಣಿಸುವುದು ಸುತ್ತುಗಳನ್ನು, ಉದ್ದವನ್ನಲ್ಲ. ಬೇಸಿಗೆಯಲ್ಲಿ ನಿಖರವಾದ ಕೆಲಸಗಳನ್ನು ಬೆಳಗಿನ ಏಳು ಗಂಟೆಯೊಳಗೆ ಮುಗಿಸುತ್ತೇವೆ.

ಕೊನೆಗೆ ಕಲ್ಲು. ಶಹಾಬಾದ್, ವಾಡಿಗಳ ಸುತ್ತಣ ಗಣಿಗಳಿಂದ ಬರುವ ಫರಸಿಯು ಪದರಪದರವಾಗಿ ಸೀಳುವ ಸುಣ್ಣಕಲ್ಲು. ಅದರ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಗಡಸುತನ ಮೋಸನ ಮಾಪಕದಲ್ಲಿ ಮೂರು. ವಜ್ರದ ಹರಳು ಕೂಡಿಸಿದ ಅಲಗಿಗೆ ಕಷ್ಟವೇನಲ್ಲ. ಸಿಲಿಕಾ ಅಂಶವೂ ಇರುವ ಅದರ ಧೂಳು ಶ್ವಾಸಕೋಶಕ್ಕೆ ಕೇಡಾದುದರಿಂದ ಸದಾ ನೀರು ಹಾಯಿಸುತ್ತಲೇ ಕೊರೆಯಬೇಕು. ಊರಿನ ಶಾಲೆಗೊಂದು ಹೆಸರಿನ ಫಲಕ ಮಾಡೋಣವೆಂದು ತೊಡಗಿದೆವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರಿನಲ್ಲಿ ಕಲ್ಲಿನ ಮೇಲೆ ಅಕ್ಷರ ಬರೆಯುವುದು ಹೊಸ ಸಾಹಸವೇನೂ ಅಲ್ಲ. ಒಂದೊಂದು ಸಲಕ್ಕೆ ಕಾಲು ಮಿಲಿಮೀಟರಿನಂತೆ, ಒಂದೂವರೆ ಮಿಲಿಮೀಟರು ಆಳ, ಮೂರು ಗಂಟೆಯ ಕೆಲಸ. ಎಣಿಕೆ ಎಲ್ಲಿಯೂ ತಪ್ಪಲಿಲ್ಲ. ಆದರೆ ಎರಡನೆಯ ಸಾಲಿನ ಒಂದು ಒತ್ತಕ್ಷರದ ಬಳಿ ಕಲ್ಲಿನ ಪದರವೊಂದು ಚಕ್ಕೆಯಾಗಿ ಎದ್ದುಬಂದಿತು. ಉಳಿ ಹಿಡಿದವನಾಗಿದ್ದರೆ ಏಟಿನ ಸದ್ದಿನಿಂದಲೇ ಅದನ್ನು ಮೊದಲೇ ಗುರುತಿಸಿ ಕೈ ತಡೆಯುತ್ತಿದ್ದನು. ನಮ್ಮ ತಟ್ಟೆಗಳಿಗೆ ಆ ಕಿವಿ ಇಲ್ಲ. ಫಲಕವನ್ನು ಮಗುಚಿ, ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟಿ, ಸದ್ದು ಗಟ್ಟಿಯಾಗಿದ್ದ ಕಡೆ ನೋಡಿಕೊಂಡು, ಹಿಂಬದಿಯಲ್ಲಿ ಮತ್ತೊಮ್ಮೆ ಕೊರೆದೆವು.