ಅಟ್ಟದ ಪಾವಟಿಗೆ

ಧಾರವಾಡ, ಗದಗ, ಬಾಗಲಕೋಟೆ ಕಡೆಯ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಅಟ್ಟಕ್ಕೆ ಏರುವ ಕಟ್ಟಿಗೆಯ ಪಾವಟಿಗೆಗಳ ನೆನಪು ಇದ್ದೇ ಇರುತ್ತದೆ. ಪಡಸಾಲೆಯ ಮೂಲೆಯಲ್ಲಿ, ಅರೆಗತ್ತಲೆಯಲ್ಲಿ, ನಿಚ್ಚಣಿಕೆಗಿಂತ ತುಸುವೇ ಹೆಚ್ಚು ವಾಲಿಕೊಂಡು ನಿಂತ ಕಡಿದಾದ ಮೆಟ್ಟಿಲುಗಳು ಅವು. ಹಿಡಿದುಕೊಳ್ಳಲು ಮೇಲಿನ ತೊಲೆಯಿಂದ ಇಳಿಬಿಟ್ಟ ಹಗ್ಗವೊಂದೇ ಆಸರೆ. ಬೀಜದ ಕಾಳು, ಉಪ್ಪಿನಕಾಯಿಯ ಭರಣಿ, ಕೌದಿಗಳ ಗಂಟು ಎಲ್ಲವೂ ಅಟ್ಟದ ಮೇಲೆಯೇ ಇರುತ್ತಿದ್ದುದರಿಂದ ಮನೆಯ ಹೆಣ್ಣುಮಕ್ಕಳು ದಿನಕ್ಕೆ ನಾಲ್ಕಾರು ಸಲವಾದರೂ ಏರಿ ಇಳಿಯಬೇಕಾಗುತ್ತಿತ್ತು. ಒಂದು ಕೈಯಲ್ಲಿ ಮೊರ, ಇನ್ನೊಂದರಲ್ಲಿ ಸೀರೆಯ ನಿರಿಗೆ. ಹಗ್ಗ ಹಿಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಆದರೂ ಅವರು ಬೀಳುತ್ತಿರಲಿಲ್ಲ. ಪ್ರತಿ ಮೆಟ್ಟಿಲಿನ ಎತ್ತರವನ್ನು ಕಾಲು ಬಾಯಿಪಾಠ ಮಾಡಿಕೊಂಡಿತ್ತು.

ಕಾಲಿನ ಈ ಬಾಯಿಪಾಠವೇ ನಮ್ಮ ಮನೆಯಲ್ಲಿ ಅನರ್ಥಕ್ಕೆ ಕಾರಣವಾಯಿತು. 1996ರ ಬೇಸಿಗೆಯಲ್ಲಿ ನಾವು ಪಡಸಾಲೆಯ ಸಾರಿಸಿದ ಮಣ್ಣುನೆಲದ ಮೇಲೆಯೇ ಗಾರೆ ಹಾಕಿಸಿ ಶಹಾಬಾದಿ ಫರಸಿ ಹಾಸಿಸಿದೆವು. ನೆಲ 3 ಅಂಗುಲ ಮೇಲಕ್ಕೆ ಬಂದಿತು. ಮನೆ ಲಕಲಕನೆ ಹೊಳೆಯಿತೆಂದು ಎಲ್ಲರೂ ಸಂತೋಷಪಟ್ಟೆವೇ ಹೊರತು, 8 ಅಂಗುಲವಿದ್ದ ಕೆಳಗಿನ ಮೆಟ್ಟಿಲು 5 ಅಂಗುಲಕ್ಕೆ ಇಳಿದುದನ್ನು ಒಬ್ಬರೂ ಗಮನಿಸಲಿಲ್ಲ. ಶ್ರಾವಣದ ಒಂದು ಸಂಜೆ, ದೀಪವಿಲ್ಲದ ಹೊತ್ತಿನಲ್ಲಿ, ನಮ್ಮ ತಾಯಿಯವರು ಅಟ್ಟದಿಂದ ಇಳಿದು ಬರುತ್ತಿದ್ದರು. ನಲವತ್ತು ವರ್ಷ 8 ಅಂಗುಲ ಇಳಿದು ರೂಢಿಯಾದ ಕಾಲಿಗೆ ನೆಲವು ಮುಂಚಿತವಾಗಿಯೇ ತಗುಲಿತು, ಮೈ ಮುಗ್ಗರಿಸಿತು. ಹಿಡಿಯಲು ಹೋದ ಹಗ್ಗವು ಅವರೊಂದಿಗೇ ತೂಗಾಡಿತು. ಸೊಂಟದ ಎಲುಬು ಮುರಿದು ನಾಲ್ಕು ತಿಂಗಳು ಹಾಸಿಗೆ ಹಿಡಿದರು.

ಮರುವಾರ ಬಂದ ಬಡಿಗೇರರು ಅಳತೆಗೋಲು ಹಿಡಿದು ನೋಡಿ ಹೇಳಿದ ಮಾತು ಒಂದೇ: “ನೆಲಾ ಏರಿಸಿದವರು ಪಾವಟಿಗೀನೂ ಏರಿಸಬೇಕಿತ್ತರಿ.” ತಪ್ಪು ನಮ್ಮದೇ ಆಗಿದ್ದಿತು. ಹಳೆಯ ಮೆಟ್ಟಿಲುಗಳನ್ನು ಕಿತ್ತು ಹೊಸದಾಗಿ ಮಾಡಿಸುವುದೆಂದು ನಿರ್ಧರಿಸಿದೆವು. ಆಗ ಅವರಿಂದ ಕಲಿತುದನ್ನೂ, ಅನಂತರ ಓದಿ ತಿಳಿದುದನ್ನೂ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಮೆಟ್ಟಿಲಿನಲ್ಲಿ ಎರಡು ಅಳತೆಗಳು ಮುಖ್ಯ. ಒಂದು, ಪಾದವೂರುವ ಹಾಸಿನ ಅಗಲ. ಇನ್ನೊಂದು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಇರುವ ಎತ್ತರ. 17ನೆಯ ಶತಮಾನದ ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಎಂಬಾತನು ಎತ್ತರದ ಎರಡರಷ್ಟಕ್ಕೆ ಹಾಸಿನ ಅಗಲವನ್ನು ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆಯ ಉದ್ದ ಬರಬೇಕೆಂದು ಸೂತ್ರ ಹಾಕಿಕೊಟ್ಟನು. ನಮ್ಮ ಅಂಗುಲದ ಲೆಕ್ಕದಲ್ಲಿ ಅದು ಸುಮಾರು 24 ಅಥವಾ 25. ನಮ್ಮ ಹಳೆಯ ಪಾವಟಿಗೆಯ ಎತ್ತರ 8, ಹಾಸು 6. ಲೆಕ್ಕ 22ಕ್ಕೇ ನಿಂತಿತು. ಇಳಿಯುವಾಗ ಹಿಮ್ಮಡಿಯೊಂದೇ ಊರುತ್ತಿತ್ತು, ಮುಂಗಾಲು ಗಾಳಿಯಲ್ಲಿರುತ್ತಿತ್ತು. ಭಾರತೀಯ ಮಾನಕ ಬ್ಯೂರೋ 2016ರಲ್ಲಿ ಹೊರತಂದ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಮನೆಯ ಒಳಮೆಟ್ಟಿಲಿಗೆ ಹಾಸು 250 ಮಿ.ಮೀ.ಗೆ ಕಡಿಮೆಯಾಗಬಾರದೆಂದೂ, ಎತ್ತರ 190 ಮಿ.ಮೀ. ಮೀರಬಾರದೆಂದೂ ಹೇಳುತ್ತದೆ. ಅಂದರೆ ಹೆಚ್ಚುಕಡಿಮೆ 10 ಅಂಗುಲ ಮತ್ತು ಏಳೂವರೆ ಅಂಗುಲ. ಮನೆಯಲ್ಲಿ ವಯಸ್ಸಾದವರಿದ್ದರೆ ಎತ್ತರ 7 ಅಂಗುಲದ ಸುತ್ತ ಇರುವುದೇ ಲೇಸು.

ಅಡ್ಡಿ ಬರುವುದು ಜಾಗದ್ದು. ತಿರುವಿಲ್ಲದ ನೇರ ಮೆಟ್ಟಿಲು ಮಾಡಲು ಸುಲಭ. ಮೇಲಿನಿಂದ ಕೆಳಗಿನ ನೆಲ ಕಾಣುತ್ತದೆ, ಮೂಟೆ ಸಾಗಿಸಲು ಅನುಕೂಲ. ಆದರೆ ಅದು ಉದ್ದವನ್ನು ಬೇಡುತ್ತದೆ. ನೆಲದಿಂದ ಮೇಲಿನ ನೆಲಕ್ಕೆ 10 ಅಡಿಯೆಂದಿಟ್ಟುಕೊಂಡರೆ, 120 ಅಂಗುಲವನ್ನು 17 ಸಮಭಾಗ ಮಾಡಿದಾಗ ಒಂದೊಂದು ಏರು 7 ಅಂಗುಲಕ್ಕೆ ತುಸು ಹೆಚ್ಚು. ಕೊನೆಯ ಏರು ಮಹಡಿಯ ನೆಲಕ್ಕೇ ಸೇರುವುದರಿಂದ ಹಾಸುಗಳು 16. ತಲಾ 10 ಅಂಗುಲದಂತೆ 13 ಅಡಿ 4 ಅಂಗುಲ ಉದ್ದ ಬೇಕು. ಕೆಳಗೆ ನಿಲ್ಲಲು ಇನ್ನೊಂದು 3 ಅಡಿ. ಇಷ್ಟು ಜಾಗವಿಲ್ಲವೆಂದು ಹಾಸನ್ನು ಕಿರಿದು ಮಾಡುವುದು, ಏರನ್ನು ಹೆಚ್ಚಿಸುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ದಿವಾನಖಾನೆಯಲ್ಲಿ ಸೋಫಾ ಇಡಲು 3 ಅಡಿ ಉಳಿಸಿ, ಅದನ್ನು ಮುದುಕರ ಮೊಣಕಾಲಿನಿಂದ ವಸೂಲು ಮಾಡುವ ಈ ಜಾಣತನ ನಮಗೆ ಒಪ್ಪಿಗೆಯಿಲ್ಲ. ನೇರ ಮೆಟ್ಟಿಲಿಗೆ ಇನ್ನೊಂದು ದೋಷವೂ ಉಂಟು: ಮೇಲೆ ಜಾರಿದವರು ಕೆಳಗಿನವರೆಗೂ ಉರುಳಿ ಬರುತ್ತಾರೆ. ಆದುದರಿಂದ ಜಾಗವಿದ್ದವರು ನಡುವೆ ನಿಂತು ಉಸಿರಾಡಲು 3 ಅಡಿಯ ಒಂದು ಹಾಸನ್ನು ಬಿಡಿಸಬೇಕು.

ಕಟ್ಟಿಗೆಯಲ್ಲಿ ಸಾಗವಾನಿಯೇ ಮೇಲೆಂದು ಎಲ್ಲರೂ ಬಲ್ಲರು. ಹವೆ ಬದಲಾದರೂ ಅದು ಹೆಚ್ಚು ಹಿಗ್ಗದು, ಕುಗ್ಗದು. ಗೆದ್ದಲಿಗೂ ಬೇಗ ಸೋಲದು. ಆದರೆ ಒಳತಿರುಳಿಗೆ ಮಾತ್ರ ಈ ಗುಣವಿದೆ, ತೊಗಟೆಯ ಬದಿಯ ಬಿಳಿಯ ಭಾಗಕ್ಕಿಲ್ಲ. ಹಸಿ ಮರದಿಂದ ಮಾಡಿದ ಮೆಟ್ಟಿಲು ಒಣಗಿದ ಮೇಲೆ ಸಂದುಬಿಟ್ಟು, ಕಾಲಿಟ್ಟಾಗಲೆಲ್ಲ ಕಿರುಗುಟ್ಟುವುದು. ಹಳಬರು ಕೆಳಗಿನ ಒಂದು ಮೆಟ್ಟಿಲನ್ನು ಕಲ್ಲಿನದನ್ನಾಗಿ ಮಾಡಿಸುತ್ತಿದ್ದುದು ಅಂದಕ್ಕಲ್ಲ. ನೆಲ ತೊಳೆದ ನೀರೂ ಗೆದ್ದಲೂ ಕಟ್ಟಿಗೆಯನ್ನು ಮುಟ್ಟದಿರಲೆಂದು.

ಈಗ ಅಳತೆ ಕೊಟ್ಟರೆ ಪಕ್ಕದ ತೊಲೆ, ಹಾಸುಹಲಗೆ, ಕಂಬ, ಕಟಾಂಜನಗಳೆಲ್ಲ ಸಿದ್ಧವಾಗಿ ಬಿಡಿಬಿಡಿಯಾಗಿ ಮನೆಗೆ ಬರುತ್ತವೆ. ಎರಡು ಮೂರು ದಿನಗಳಲ್ಲಿ ಜೋಡಿಸಿ ಕೊಡುತ್ತಾರೆ. ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ ನಮ್ಮ ತಮ್ಮನ ಮಗನು ಹೀಗೆಯೇ ತರಿಸಿದನು. ನಾವು ಹಟ ಹಿಡಿದು ಹೇಳಿದುದು ಒಂದೇ: ಕೆಳಗಿನ ಮೇಲಿನ ಎರಡೂ ನೆಲಗಳಿಗೆ ಟೈಲ್ಸ್ ಹಾಕಿದ ಮೇಲೆಯೇ ಅಳತೆ ಕೊಡು. ನಕ್ಷೆಯ ಅಳತೆಗೂ ಮುಗಿದ ನೆಲದ ಅಳತೆಗೂ 2 ಅಂಗುಲದ ಅಂತರ ಬಂದಿತು. ಕಾರ್ಖಾನೆಯಿಂದ ಬಂದ ಹಲಗೆಯನ್ನು ಬಡಿಗೇರರ ಹಲಗೆಯಂತೆ ಅಲ್ಲಿಯೇ ಕೆತ್ತಿ ಸರಿಮಾಡಲಾಗದು.

ಕೈಹಿಡಿಕೆಯ ವಿಷಯದಲ್ಲಿಯೂ ಅಂದದ ಮೋಹವೇ ಹೆಚ್ಚು. ಅಂಗೈಗೆ ಮೀರಿದ ದಪ್ಪನೆಯ ತೊಲೆಯನ್ನು ಕೂರಿಸಿ ಬಳ್ಳಿ ಕೆತ್ತಿಸುತ್ತಾರೆ. ಜಾರಿದಾಗ ಬೆರಳು ಅದನ್ನು ಸುತ್ತಿ ಹಿಡಿಯಲಾರವು. ದುಂಡಗೆ ಒಂದೂವರೆ ಅಂಗುಲ ದಪ್ಪ, ಗೋಡೆಯಿಂದ 2 ಅಂಗುಲ ದೂರ, ಮೊದಲ ಮೆಟ್ಟಿಲಿನಿಂದ ಕೊನೆಯವರೆಗೆ ತುಂಡಾಗದೆ ಇದ್ದರೆ ಸಾಕು. ಕಟಾಂಜನದ ಸಂದುಗಳು 4 ಅಂಗುಲ ಮೀರಿದರೆ ಮಗುವಿನ ತಲೆ ಸಿಕ್ಕಿಕೊಳ್ಳಬಹುದು.

ನಮ್ಮ ಮನೆಯ ಕೈಹಿಡಿಕೆಯನ್ನು ಕೂರಿಸುವ ದಿನ ಬಡಿಗೇರರು ಪುಸ್ತಕದ ಅಳತೆ ಕೇಳಲಿಲ್ಲ. ಕೋಲೂರಿಕೊಂಡು ಬಂದ ತಾಯಿಯವರನ್ನು ಮೆಟ್ಟಿಲ ಬಳಿ ನಿಲ್ಲಿಸಿ, “ಅವ್ವಾರ, ಕೈ ಎಲ್ಲಿ ಇಟ್ರ ಹಗುರ ಅನಸ್ತದ ನೋಡ್ರಿ” ಎಂದು ಗೋಡೆಯ ಮೇಲೆ ಸೀಸದಕಡ್ಡಿಯಿಂದ ಗುರುತು ಹಾಕಿಕೊಂಡರು. ಅಳೆದಾಗ 34 ಅಂಗುಲವಿತ್ತು. ಅನಂತರ ತಾಯಿಯವರು ತಾವಾಗಿಯೇ ಅಟ್ಟಕ್ಕೆ ಏರಿ, ತಮ್ಮ ಕೌದಿಯ ಗಂಟನ್ನು ಬಿಚ್ಚಿ, ಯಾರು ಯಾವುದನ್ನು ಒಯ್ದಿದ್ದಾರೆಂದು ಎಣಿಸಿ ನೋಡಿದರು. ಮುಂದೆ ಒಂಬತ್ತು ವರ್ಷ ಏರಿ ಇಳಿದರು.

ಮೆಟ್ಟಿಲಿರುವ ಮನೆಯವರು ಒಮ್ಮೆ ಅಳತೆಪಟ್ಟಿ ಹಿಡಿದು ಕೆಳಗಿನ ಮೆಟ್ಟಿಲನ್ನೂ ಮೇಲಿನ ಮೆಟ್ಟಿಲನ್ನೂ ನಡುವಿನವುಗಳೊಂದಿಗೆ ಹೋಲಿಸಿ ನೋಡಬೇಕೆಂದು ಕೋರುತ್ತೇವೆ. ಅರ್ಧ ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಬಡಿಗೇರರನ್ನು ಕರೆಸಿ ಸರಿಪಡಿಸಿಕೊಳ್ಳಿ; ಅಲ್ಲಿಯವರೆಗೆ ಆ ಮೆಟ್ಟಿಲಿನ ಅಂಚಿಗೆ ಬಿಳಿಯ ಬಣ್ಣ ಬಳಿದು, ರಾತ್ರಿ ಅದರ ಮೇಲೊಂದು ದೀಪ ಉರಿಯುತ್ತಿರಲಿ.