ಅಡುಗೆಮನೆಯಲ್ಲಿ ಉಳಿದ ಚರಿತ್ರೆ

ಊರಿನ ಹೆಸರು ಬದಲಾಗಲು ಒಂದು ಆದೇಶ ಸಾಕು. ಹಿಂದೆ ಶಂಶೇರಾಬಾದ್ ಎನಿಸಿಕೊಂಡಿದ್ದ ಊರು ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ನೆನಪಿಗೆ ಕ್ಲೋಸ್‌ಪೇಟೆಯಾಯಿತು, ಆಮೇಲೆ ರಾಮನಗರವಾಯಿತು. ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಕೂಡಿಕೊಂಡು 2007ರಲ್ಲಿ ರಚನೆಯಾದ ಅದರ ಹೆಸರಿನ ಜಿಲ್ಲೆಗೆ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂಬ ಹೆಸರು ಬಂತು. ಆದರೆ ಈ ನಾಲ್ಕೂ ತಾಲ್ಲೂಕುಗಳ ಮನೆಗಳಲ್ಲಿ ಮುದ್ದೆ, ಬಸ್ಸಾರು ಹಾಗೆಯೇ ಉಳಿದಿವೆ. ಜನರ ಗುರುತನ್ನು ಕಾಯುವುದು ರಾಜ್ಯಪತ್ರಕ್ಕಿಂತ ಹೆಚ್ಚಾಗಿ ಅಡುಗೆಮನೆ ಎಂಬುದಕ್ಕೆ ಯಹೂದಿಗಳ ಚರಿತ್ರೆ ಬಲವಾದ ಸಾಕ್ಷಿ.

ಈ ಸಮುದಾಯ ನಮಗೆ ತೀರಾ ದೂರದ್ದಲ್ಲ. ರಾಮನಗರದಿಂದ ರಾಜಧಾನಿಗೆ ಸಾಗುವ ಮೈಸೂರು ರಸ್ತೆಯಲ್ಲಿಯೇ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1904ರಲ್ಲಿ ಆರಂಭವಾದ ಯಹೂದಿ ಸ್ಮಶಾನವಿದೆ.

ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಗಾಣ ತಿರುಗಿಸಿ ಬದುಕಿದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದ ಕಾರಣ ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’ ಎಂದರು. ಹೀಬ್ರೂ ಭಾಷೆ ಅವರಿಗೆ ಮರೆತೇ ಹೋಗಿತ್ತು. ಡೇವಿಡ್ ರಹಾಬಿ ಎಂಬ ಯಹೂದಿ ಅಲ್ಲಿಗೆ ಬಂದಾಗ ಹೆಂಗಸರ ಮುಂದೆ ಬಗೆಬಗೆಯ ಮೀನುಗಳನ್ನಿಟ್ಟನಂತೆ. ಅವರು ರೆಕ್ಕೆ ಮತ್ತು ಹುರುಪೆಗಳೆರಡೂ ಇದ್ದ ಮೀನುಗಳನ್ನಷ್ಟೇ ಆರಿಸಿಕೊಂಡಾಗ ಇವರು ತನ್ನವರೇ ಎಂದು ಆತನಿಗೆ ಖಚಿತವಾಯಿತು ಎನ್ನುತ್ತದೆ ಐತಿಹ್ಯ. ಗ್ರಂಥ ಕೈತಪ್ಪಿದಾಗಲೂ ಅದರ ಕಟ್ಟಳೆಯನ್ನು ಅಡುಗೆ ಮಾಡುವ ಕೈ ಮರೆತಿರಲಿಲ್ಲ.

ಕಟ್ಟಳೆ ಒಂದೇ ಆದರೂ ರುಚಿ ಆಯಾ ನೆಲದ್ದು. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಬೆಂಕಿ ಹೊತ್ತಿಸುವಂತಿಲ್ಲ. ಆದ್ದರಿಂದ ಮೊದಲೇ ಸಣ್ಣ ಉರಿಯ ಮೇಲಿಟ್ಟ ಪಾತ್ರೆ ಇರುಳೆಲ್ಲ ಬೇಯುತ್ತದೆ. ಪೂರ್ವ ಯುರೋಪಿನಲ್ಲಿ ಬಾರ್ಲಿ, ಕಾಳು, ಮಾಂಸಗಳ ‘ಚೋಲೆಂಟ್’. ಬಾಗ್ದಾದಿನಲ್ಲಿ ಕೋಳಿ ಮತ್ತು ಅಕ್ಕಿಯ ‘ತಬೀತ್’. ಮಾಂಸದೊಡನೆ ಹಾಲು ಬೆರೆಸಬಾರದೆಂಬ ನಿಯಮಕ್ಕೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ತೆಂಗಿನಹಾಲು ಒದಗಿಬಂತು. ಬೆನೆ ಇಸ್ರೇಲರು ಹರಕೆ ತೀರಿಸುವಾಗ, ಪ್ರವಾದಿ ಎಲೀಯನ ಸ್ಮರಣೆಯಲ್ಲಿ ಹಂಚುವ ‘ಮಲಿದಾ’ ಎಂದರೆ ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ, ಹಣ್ಣುಗಳ ಮಿಶ್ರಣ. ಚನ್ನಪಟ್ಟಣದ ಯಾವ ಮನೆಯಲ್ಲಾದರೂ ಇದನ್ನು ಮಾಡಬಹುದು. ನೆರೆಯ ಸಂಸ್ಕೃತಿಯನ್ನು ಅರಿಯಲು ಇದಕ್ಕಿಂತ ಸುಲಭದ ಪಾಠ ಬೇಕೇ?

ಪಾಠ ಇರುವುದು ನಮಗೂ ಹೌದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಘೋಷಿಸಿದ ಮೇಲೆ ರಾಗಿಗೆ ಪೇಟೆಯಲ್ಲಿ ಹೊಸ ಮರ್ಯಾದೆ ದೊರೆಯಿತು. ಆದರೆ ಬಿಸ್ಕತ್ತಿನ ಪೊಟ್ಟಣದಲ್ಲಿ ಬರುವುದು ರಾಗಿ ಮಾತ್ರ. ಹಿತಕಿದ ಬೇಳೆಯ ಸಾರಿಗೆ ಕಾಯಬೇಕಾದ ಅವರೆಯ ಕಾಲ, ಬಸಿದ ನೀರನ್ನು ಚೆಲ್ಲದ ಜಾಣ್ಮೆ, ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚುವ ಮಿತವ್ಯಯ ಅದರೊಳಗಿಲ್ಲ. ಅವು ಇರುವುದು ಹಿರಿಯ ಹೆಂಗಸರ ನೆನಪಿನಲ್ಲಿ.

ಈ ನಾಲ್ಕು ತಾಲ್ಲೂಕುಗಳ ಶಾಲೆಗಳು ಒಂದು ಕೆಲಸ ಮಾಡಬಹುದು. ಮನೆಯ ಹಿರಿಯರ ಒಂದೊಂದು ಅಡುಗೆಯನ್ನು ಮಕ್ಕಳಿಂದ ಬರೆಸಲಿ. ಏನು ಹಾಕುತ್ತಾರೆ ಎಂಬುದರ ಜೊತೆಗೆ ಯಾವ ದಿನ, ಯಾವ ಕಾರಣಕ್ಕೆ ಮಾಡುತ್ತಾರೆ ಎಂಬುದನ್ನೂ ಬರೆಸಲಿ. ಬರೆದ ಮೇಲೆ ಒಮ್ಮೆಯಾದರೂ ಮಾಡಿಸಲಿ. ಕಾಗದದ ಮೇಲಷ್ಟೇ ಉಳಿದ ಅಡುಗೆ ಯಾರ ಹೊಟ್ಟೆಯನ್ನೂ ತುಂಬಿಸದು.