ಉಬ್ಬರವಿಳಿತದ ತೋಟ

ವಾಶಿಯಿಂದ ಮಾನಖುರ್ದಿನ ಕಡೆಗೆ ರೈಲಿನಲ್ಲಿ ಹೋಗುವಾಗ ಠಾಣೆಯ ಖಾಡಿಯನ್ನು ನೀವು ನೋಡಿರಬಹುದು. ಒಮ್ಮೆ ನೋಡಿದಾಗ ದಡದ ಕಾಂಡ್ಲಾ ಗಿಡಗಳು ಮೊಣಕಾಲುದ್ದ ನೀರಿನಲ್ಲಿ ನಿಂತಿರುತ್ತವೆ. ಆರು ತಾಸು ಕಳೆದು ಮರಳುವಾಗ ನೀರು ಹಿಂದೆ ಸರಿದು, ಕೆಸರಿನ ಮೇಲೆ ಸೀಸದಕಡ್ಡಿಗಳನ್ನು ನೆಟ್ಟಂತೆ ಅಸಂಖ್ಯ ಬೇರಿನ ತುದಿಗಳು ಮೇಲೆದ್ದು ಕಾಣುತ್ತವೆ. ಸಮುದ್ರವು ದಿನಕ್ಕೆ ಎರಡು ಸಲ ಉಬ್ಬಿ ಎರಡು ಸಲ ಇಳಿಯುತ್ತದೆ. ಇಳಿದಾಗ ಆ ಬೇರುಗಳು ಉಸಿರಾಡುತ್ತವೆ.

ಕಳೆದ ವರುಷ ನಮ್ಮ ಶಾಲೆಯ ಹಿಂಬದಿಯ ಜಗಲಿಯಲ್ಲಿ ನಾವು ಇಂಥದೇ ಒಂದು ಪುಟ್ಟ ಖಾಡಿಯನ್ನು ಕಟ್ಟಿದೆವು. ಅದರಲ್ಲಿ ಮಣ್ಣಿಲ್ಲ, ಆದರೂ ಪಾಲಕ, ಮೆಂತೆ, ಹರಿವೆಗಳು ಬೆಳೆದವು. ಇದಕ್ಕೆ ಕಾರಣವಾದುದು ಏಳನೆಯ ತರಗತಿಯ ಒಂದು ಪಾಠ. ಬೀಜ ಮೊಳೆಯುವುದನ್ನು ಕಣ್ಣಾರೆ ಕಂಡವರು ಯಾರೆಂದು ಕೇಳಿದಾಗ ನಾಲ್ವರೇ ಕೈ ಎತ್ತಿದರು. ವಿಜಯಪುರ, ಕಲಬುರಗಿ, ಯಾದಗಿರಿಗಳ ಒಕ್ಕಲು ಮನೆತನಗಳ ಮೊಮ್ಮಕ್ಕಳು ಇವರು! ಡೊಂಬಿವಲಿಯ ಒಂದು ಖೋಲಿಯಲ್ಲಿ ಐವರು ಇರುವಾಗ ಮಣ್ಣಿಗೆ ಸ್ಥಳವೆಲ್ಲಿ?

ಮಣ್ಣಿಲ್ಲದ ಬೇಸಾಯವು ಹೊಸದೇನೂ ಅಲ್ಲ. ಗಿಡಕ್ಕೆ ಬೇಕಾದುದು ಮಣ್ಣಲ್ಲ, ಮಣ್ಣಿನೊಳಗಿನ ಲವಣಗಳು ಎಂಬುದನ್ನು ಜರ್ಮನಿಯ ವಿಜ್ಞಾನಿಗಳು ೧೯ನೆಯ ಶತಮಾನದಲ್ಲಿಯೇ ತೋರಿಸಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕೆ ಎಂಬವರು ಅದನ್ನು ಬೆಳೆ ತೆಗೆಯುವ ಪದ್ಧತಿಯಾಗಿ ಮಾಡಿ, ೧೯೩೭ರಲ್ಲಿ ಹೈಡ್ರೊಪೋನಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದರು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ನೀರಿನ ದುಡಿಮೆ ಎಂದರ್ಥ. ನಮ್ಮ ದೇಶಕ್ಕೆ ೧೯೪೬ರಲ್ಲಿ ಇದನ್ನು ತಂದವರು ಬಂಗಾಲದ ಕಾಲಿಂಪಾಂಗಿನಲ್ಲಿ ಪ್ರಯೋಗ ನಡೆಸಿದ ಶೋಲ್ಟೊ ಡಗ್ಲಾಸ್. ಬಡವನ ಕೈಗೂ ಎಟುಕುವಂತಿರಬೇಕು ಎಂಬುದು ಅವರ ಹಟವಾಗಿತ್ತು. ನನಗೆ ಅವರಲ್ಲಿ ಗೌರವ ಹೆಚ್ಚು.

ಇನ್ನು ನಮ್ಮ ತೋಟದ ರಚನೆ. ೧೦೦ ಸೆಂಟಿಮೀಟರು ಉದ್ದ, ೬೦ ಅಗಲದ ಒಂದು ಪ್ಲಾಸ್ಟಿಕ್ ತೊಟ್ಟಿ. ಅದರಲ್ಲಿ ೧೫ ಸೆಂಟಿಮೀಟರು ಜಲ್ಲಿ. ಅಂದರೆ ೯೦ ಲೀಟರು ಜಲ್ಲಿ, ತೂಕ ಸುಮಾರು ೧೩೫ ಕಿಲೋ. ಜಲ್ಲಿಯ ಸಂದುಗಳು ನೂರಕ್ಕೆ ನಲವತ್ತರಷ್ಟು. ಆದುದರಿಂದ ತೊಟ್ಟಿ ತುಂಬಲು ೩೬ ಲೀಟರು ನೀರು ಸಾಕು. ಗಚ್ಚಿನ ಮೇಲೆ ಇಡಬೇಕೆಂದು ಹುಡುಗರ ಆಸೆ. ಈ ಲೆಕ್ಕವನ್ನು ಅವರಿಂದಲೇ ಮಾಡಿಸಿದೆ. ಇಷ್ಟು ಸಣ್ಣ ಜಾಗದ ಮೇಲೆ ೧೭೧ ಕಿಲೋ ಹೇರುವುದು ತರವಲ್ಲವೆಂದು ಅವರೇ ಒಪ್ಪಿ ಜಗಲಿಗೆ ಇಳಿದರು. ಜಲ್ಲಿಯನ್ನು ಆರಿಸುವಾಗ ಅದರ ಮೇಲೆ ನಿಂಬೆರಸ ಹಿಂಡಿ ನೋಡಬೇಕು. ನೊರೆ ಎದ್ದರೆ ಅದು ಸುಣ್ಣಕಲ್ಲು, ನೀರನ್ನು ಕೆಡಿಸುತ್ತದೆ. ಇಲ್ಲಿನ ಗುಡ್ಡಗಳ ಕಪ್ಪು ಕಲ್ಲು ಈ ಕೆಲಸಕ್ಕೆ ಉತ್ತಮ.

ತೊಟ್ಟಿಯ ಕೆಳಗೆ ೮೦ ಲೀಟರಿನ ಪೀಪಾಯಿ. ಅದರಲ್ಲಿ ಪೋಷಕ ದ್ರಾವಣ ಮತ್ತು ಏರ್‌ಕೂಲರಿನ ಪಂಪು. ಪಂಪು ಓಡಿದಾಗ ದ್ರಾವಣವು ತಳದಿಂದ ಏರುತ್ತದೆ. ಜಲ್ಲಿಯ ಮೇಲ್ಮೈಗಿಂತ ಎರಡು ಸೆಂಟಿಮೀಟರು ಕೆಳಗೆ ಒಂದು ನಳಿಕೆಯ ಬಾಯಿ ಇದೆ; ಹೆಚ್ಚಾದ ನೀರು ಅದರಿಂದ ಪೀಪಾಯಿಗೆ ಮರಳುತ್ತದೆ. ಮೇಲಿನ ಜಲ್ಲಿ ಒಣಗಿರುವುದರಿಂದ ಪಾಚಿ ಕಟ್ಟುವುದಿಲ್ಲ. ಹದಿನೈದು ನಿಮಿಷಕ್ಕೆ ಟೈಮರು ಪಂಪನ್ನು ನಿಲ್ಲಿಸಿದರೆ, ಏರಿದ ದಾರಿಯಿಂದಲೇ ದ್ರಾವಣ ಇಳಿದುಹೋಗುತ್ತದೆ. ಹಗಲಿನಲ್ಲಿ ಇಂಥ ಉಬ್ಬರ ನಾಲ್ಕು, ರಾತ್ರಿ ಬೇಕಿಲ್ಲ.

ಪೋಷಕ ಲವಣಗಳು ಎರಡು ಬಾಟಲಿಗಳಲ್ಲಿ ದೊರೆಯುತ್ತವೆ. ಎರಡೇಕೆ? ಅವಸರದ ಒಬ್ಬ ವಿದ್ಯಾರ್ಥಿ ಎರಡನ್ನೂ ಒಂದೇ ಲೋಟಕ್ಕೆ ಸುರಿದಾಗ ಉತ್ತರ ಸಿಕ್ಕಿತು: ತಳದಲ್ಲಿ ಬಿಳಿಯ ಗಸಿ ನಿಂತಿತು. ಒಂದರಲ್ಲಿದ್ದ ಕ್ಯಾಲ್ಸಿಯಂ ಮತ್ತೊಂದರ ಸಲ್ಫೇಟ್, ಫಾಸ್ಫೇಟುಗಳೊಡನೆ ಕೂಡಿ ಗಟ್ಟಿಯಾಗಿತ್ತು. ಗಟ್ಟಿಯಾದುದನ್ನು ಬೇರು ಕುಡಿಯಲಾರದು. ಪೀಪಾಯಿಗೆ ನೀರು ತುಂಬಿದ ಮೇಲೆ ಒಂದನ್ನು ಹಾಕಿ ಕಲಕಿ, ಅನಂತರ ಇನ್ನೊಂದನ್ನು ಹಾಕಬೇಕು. ಬಣ್ಣದ ಕಾಗದದಿಂದ ಪರೀಕ್ಷಿಸಿದಾಗ ಪಿಎಚ್ ೫.೫ರಿಂದ ೬.೫ರ ಒಳಗೆ ಇರತಕ್ಕದ್ದು. ಎರಡು ವಾರಕ್ಕೊಮ್ಮೆ ದ್ರಾವಣವನ್ನು ಪೂರ್ತಿ ಬದಲಿಸಿ, ಹಳೆಯದನ್ನು ಅಂಗಳದ ಮರಗಳಿಗೆ ಹಾಕುತ್ತೇವೆ. ಪೀಪಾಯಿಯ ಬಾಯಿ ಸದಾ ಮುಚ್ಚಿರಲಿ. ಇಲ್ಲವಾದರೆ ಮಳೆಗಾಲದಲ್ಲಿ ನೀವು ಸಾಕುವುದು ಸೊಪ್ಪನ್ನಲ್ಲ, ಡೆಂಗೆಯ ಸೊಳ್ಳೆಗಳನ್ನು.

ಆಗಸ್ಟ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಗಿಡಗಳೆಲ್ಲ ಬಾಡಿ ಬಿದ್ದಿದ್ದವು. ಸೋಜಿಗವೆಂದರೆ ತೊಟ್ಟಿಯ ತುಂಬ ನೀರಿತ್ತು! ಒಂದು ಟೊಮೇಟೊ ಗಿಡದ ಬೇರು ತಳದ ಕೊಳವೆಯ ಬಾಯಿಗೆ ಇಳಿದಿತ್ತು. ಏರುವ ನೀರು ಆ ಬೇರನ್ನು ಪಕ್ಕಕ್ಕೆ ಸರಿಸುತ್ತಿತ್ತು. ಇಳಿಯುವ ನೀರು ಅದನ್ನೇ ಎಳೆದು ಬಾಯಿ ಮುಚ್ಚಿಸುತ್ತಿತ್ತು. ಶನಿವಾರ ಮಧ್ಯಾಹ್ನದಿಂದ ಉಬ್ಬರವಿತ್ತು, ಇಳಿತವಿರಲಿಲ್ಲ. ನೀರು ಏರುವಾಗ ಜಲ್ಲಿಯ ಸಂದಿನ ಹಳೆಯ ಗಾಳಿಯನ್ನು ಹೊರದೂಡುತ್ತದೆ. ಇಳಿಯುವಾಗ ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ಇಳಿಯದಿದ್ದರೆ ಬೇರಿಗೆ ಆಮ್ಲಜನಕವಿಲ್ಲ. ಉಸಿರುಕಟ್ಟಿದ ಬೇರು ನೀರನ್ನು ಹೀರಲಾರದು. ನೀರಿನಲ್ಲಿ ನಿಂತೇ ಗಿಡ ಬಾಯಾರುತ್ತದೆ.

“ಹಾಗಾದರೆ ಭತ್ತ ನೀರಿನಲ್ಲೇ ನಿಂತಿರುತ್ತದಲ್ಲ, ಸರ್?” ಎಂದಳು ಬದಲಾಪುರದಿಂದ ಬರುವ ಒಬ್ಬ ಹುಡುಗಿ. ಆ ವರುಷ ನಾನು ಕೇಳಿದ ಉತ್ತಮ ಪ್ರಶ್ನೆ ಅದೇ. ಭತ್ತದ ದಂಟಿನಲ್ಲಿ ಎಲೆಯಿಂದ ಬೇರಿನವರೆಗೆ ಗಾಳಿಯ ಓಣಿಗಳಿವೆ. ಅದು ಮೇಲಿನಿಂದಲೇ ಬೇರಿಗೆ ಉಸಿರನ್ನು ಕಳಿಸುತ್ತದೆ. ಖಾಡಿಯ ಗಿಡ ಬೇರನ್ನೇ ಮೇಲೆತ್ತುತ್ತದೆ. ಪಾಲಕಕ್ಕೆ ಎರಡೂ ತಿಳಿಯದು. ಈಗ ಕೊಳವೆಯ ಬಾಯಿಗೆ ಜಾಳಿಗೆ ಕಟ್ಟಿದ್ದೇವೆ. ಶನಿವಾರ ಇಳಿತವನ್ನು ಕಣ್ಣಿನಿಂದ ನೋಡಿಯೇ ಇಬ್ಬರು ಮನೆಗೆ ಹೋಗುತ್ತಾರೆ.

ಪಾಲಕರ ಸಭೆಯ ದಿನ ಒಬ್ಬ ತಂದೆ ಬಹಳ ಹೊತ್ತು ತೊಟ್ಟಿಯ ಮುಂದೆ ಕುಳಿತಿದ್ದರು. ಇಂಡಿ ತಾಲೂಕಿನವರು, ಮಳೆ ಕೈಕೊಟ್ಟು ಹೊಲ ಬಿಟ್ಟುಬಂದು ಇಲ್ಲಿ ಗಾರೆಕೆಲಸ ಮಾಡುವವರು. “ಗುರುಗಳ, ಇಷ್ಟ ನೀರಾಗ ಬೆಳೀತೈತಿ ಅಂದ್ರ ನಮ್ಮ ಹೊಲಕ್ಕ ಇದು ಆಗತೈತೇನ್ರಿ?” ಎಂದು ಕೇಳಿದರು. ಆಗುತ್ತದೆ ಎನ್ನಲು ನಾಲಗೆ ತುಡಿಯಿತು. ಆದರೆ ಬಿಳಿಜೋಳವನ್ನು ತೊಟ್ಟಿಯಲ್ಲಿ ಬೆಳೆದು ಯಾರೂ ಬದುಕಲಾರರು. ಈ ಖರ್ಚಿಗೆ ಸೊಪ್ಪು, ಟೊಮೇಟೊಗಳಷ್ಟೇ ತಾಳುತ್ತವೆ. ಇದ್ದುದನ್ನೇ ಹೇಳಿದೆ. ಅವರು ಜಲ್ಲಿಯನ್ನು ಕೈಯಲ್ಲಿ ಆಡಿಸುತ್ತ, “ಹೊಲಕ್ಕ ಬ್ಯಾಡ ಬಿಡ್ರಿ. ಖೋಲಿ ಕಿಡಕ್ಯಾಗರ ಆಗತೈತೇನ್ರಿ? ಕರೆಂಟ್ ಬಿಲ್ ಹೆಚ್ಚ ಬರಬಾರದು ನೋಡ್ರಿ” ಎಂದರು.

ಅದು ಆಗುತ್ತದೆ. ೪೫ ಸೆಂಟಿಮೀಟರು ಉದ್ದ, ೩೦ ಅಗಲದ ತೊಟ್ಟಿಯಲ್ಲಿ ೧೨ ಸೆಂಟಿಮೀಟರು ಜಲ್ಲಿ ಹಾಕಿ, ಬಿಸಿಲು ಬೀಳುವ ಕಿಟಕಿಯ ಬಳಿ ಗಟ್ಟಿಯಾದ ಮಣೆಯ ಮೇಲಿಡಿ. ತೊಟ್ಟಿಯ ತಳದಿಂದ ಬಕೀಟಿನ ತಳಕ್ಕೆ ಒಂದು ರಬ್ಬರು ನಳಿಕೆ ಜೋಡಿಸಿ. ಬಕೀಟನ್ನು ತೊಟ್ಟಿಗಿಂತ ಮೇಲಿನ ಕೊಂಡಿಗೆ ತೂಗಿದರೆ ಉಬ್ಬರ. ಕಾಲು ಗಂಟೆಯ ಮೇಲೆ ನೆಲಕ್ಕಿಳಿಸಿದರೆ ಇಳಿತ. ದ್ರಾವಣವು ಆರು ಲೀಟರಿಗಿಂತ ಕಡಿಮೆ ಇದ್ದರೆ ತೊಟ್ಟಿ ಎಂದೂ ತುಳುಕದು. ಬೀಜವನ್ನು ಮೊದಲು ತೆಂಗಿನ ನಾರಿನ ಪುಡಿಯಲ್ಲಿ ಮೊಳೆಯಿಸಿ, ನಾಲ್ಕೆಲೆ ಬಂದ ಮೇಲೆ ಜಲ್ಲಿಗೆ ನಾಟಬೇಕು. ಶಾಲೆಗೆ ಹೊರಡುವ ಮುನ್ನ ಒಮ್ಮೆ, ಮರಳಿ ಬಂದಾಗ ಒಮ್ಮೆ, ಸಂಜೆ ದೀಪ ಹಚ್ಚುವ ಮೊದಲು ಒಮ್ಮೆ. ಮೇ ತಿಂಗಳಲ್ಲಿ ನಡುಮಧ್ಯಾಹ್ನಕ್ಕೆ ಇನ್ನೊಮ್ಮೆ, ಮನೆಯಲ್ಲಿರುವವರು ಯಾರಾದರೂ ಎತ್ತಿ ಇಳಿಸಿದರಾಯಿತು. ಅವರ ಮಗ ಈಗ ಅಕ್ಕಪಕ್ಕದ ಖೋಲಿಗಳಿಗೂ ಮೆಂತೆಯ ಸಸಿ ಹಂಚುತ್ತಿದ್ದಾನೆ.